ಓಟ ಮೊದಲೋ, ಉಪಾಹಾರ ಮೊದಲೋ? – ಒಂದು ಪ್ರಶ್ನೆಯ ಚರಿತ್ರೆ

ಬೆಳಗಿನ ಹೊತ್ತು ಓಡುವ ಅಭ್ಯಾಸವಿರುವ ಹತ್ತು ಮಂದಿಯನ್ನು ಕೇಳಿ ನೋಡಿ: ಓಟಕ್ಕೆ ಮೊದಲು ತಿಂಡಿ ತಿನ್ನುತ್ತೀರೋ, ಓಡಿ ಬಂದ ಮೇಲೋ? ಬಹುಶಃ ನಾಲ್ಕಾರು ಬಗೆಯ ಉತ್ತರಗಳಾದರೂ ಬರುತ್ತವೆ. ಖಾಲಿ ಹೊಟ್ಟೆಯಲ್ಲಿ ಓಡಿದರೆ ಕೊಬ್ಬು ಬೇಗ ಕರಗುತ್ತದೆ ಎನ್ನುವವರಿದ್ದಾರೆ. ಪೆಟ್ರೋಲ್ ಹಾಕದೆ ಗಾಡಿ ಓಡುತ್ತದೆಯೇ ಎಂದು ಮರುಪ್ರಶ್ನೆ ಹಾಕುವವರೂ ಇದ್ದಾರೆ. ಒಂದು ಲೋಟ ಕಾಫಿ ಕುಡಿದು ವಿವಾದವನ್ನು ಅಲ್ಲಿಗೇ ಮುಗಿಸುವವರೂ ಇದ್ದಾರೆ.

ಪ್ರಶ್ನೆ ಸಣ್ಣದೆಂದು ತೋರಬಹುದು. ಆದರೆ ಕ್ರೀಡಾಕೂಟದ ತಾಲೀಮಿಗೆಂದು ಬೆಳಿಗ್ಗೆ ಆರೂವರೆಗೆ ಮಕ್ಕಳನ್ನು ಮೈದಾನಕ್ಕೆ ಕರೆಸುವ ದೈಹಿಕ ಶಿಕ್ಷಣ ಶಿಕ್ಷಕರಿಗೆ ಇದು ಸಣ್ಣದಲ್ಲ. ಎರಡು ಸುತ್ತು ಓಡುವಷ್ಟರಲ್ಲಿ ಒಬ್ಬ ಹುಡುಗಿ ತಲೆಸುತ್ತಿ ಕುಳಿತರೆ ಅದಕ್ಕೆ ಕಾರಣವನ್ನೂ ಪರಿಹಾರವನ್ನೂ ಅವರೇ ಹುಡುಕಬೇಕು. ಮಧುಮೇಹಕ್ಕೆ ಔಷಧಿ ತೆಗೆದುಕೊಳ್ಳುತ್ತಿರುವ, ವೈದ್ಯರ ಸಲಹೆಯಂತೆ ಬೆಳಗಿನ ನಡಿಗೆಗೆ ಹೊರಟಿರುವ ನಿಮ್ಮ ಮನೆಯ ಹಿರಿಯರಿಗೂ ಇದು ಸಣ್ಣದಲ್ಲ.

ವಿಜ್ಞಾನಕ್ಕೂ ಇದು ಎಂದೂ ಸಣ್ಣ ಪ್ರಶ್ನೆಯಾಗಿರಲಿಲ್ಲ. ದುಡಿಯುವ ದೇಹ ಏನನ್ನು ಉರಿಸುತ್ತದೆ, ಉಂಡಾಗ ಮತ್ತು ಉಪವಾಸವಿದ್ದಾಗ ಅದರಲ್ಲಿ ಏನು ವ್ಯತ್ಯಾಸವಾಗುತ್ತದೆ ಎಂದು ಅಳೆಯಲು ಹೊರಟವರಲ್ಲಿ ರಸಾಯನ ವಿಜ್ಞಾನಿಗಳಿದ್ದರು, ಭೌತವಿಜ್ಞಾನ ಬಲ್ಲ ಶರೀರಕ್ರಿಯಾ ವಿಜ್ಞಾನಿಗಳಿದ್ದರು, ವೈದ್ಯರಿದ್ದರು. ಅವರ ಕಥೆಯನ್ನು ಒಮ್ಮೆ ಅನುಸರಿಸಿದರೆ ಮೇಲಿನ ಪ್ರಶ್ನೆಗೆ ಒಂದೇ ಉತ್ತರ ಏಕೆ ಸಿಗುವುದಿಲ್ಲ ಎಂಬುದು ನಿಮಗೇ ತಿಳಿಯುತ್ತದೆ.

ಮುಖವಾಡ ತೊಟ್ಟ ಸೆಗ್ವಿನ್

ಕಥೆ ಪ್ಯಾರಿಸಿನಲ್ಲಿ, ಫ್ರೆಂಚ್ ಕ್ರಾಂತಿಯ ದಿನಗಳಲ್ಲಿ ಆರಂಭವಾಗುತ್ತದೆ. ಉಸಿರಾಟವೂ ಒಂದು ಬಗೆಯ ನಿಧಾನವಾದ ದಹನ ಎಂದು ಆಂಟ್ವಾನ್ ಲವಾಸಿಯೆ ಆ ವೇಳೆಗಾಗಲೇ ತೋರಿಸಿದ್ದ. ದೀಪ ಉರಿಯುವಾಗ ಆಕ್ಸಿಜನ್ ವ್ಯಯವಾಗಿ ಕಾರ್ಬನ್ ಡೈಆಕ್ಸೈಡ್ ಹೊರಬರುತ್ತದೆ, ಉಷ್ಣ ಬಿಡುಗಡೆಯಾಗುತ್ತದೆ. ದೇಹದಲ್ಲಿಯೂ ಇದೇ ನಡೆಯುತ್ತದೆ. ಹಾಗಿದ್ದರೆ ದೇಹವೆಂಬ ಈ ದೀಪ ಯಾವಾಗ ಮಂದವಾಗಿ, ಯಾವಾಗ ಜೋರಾಗಿ ಉರಿಯುತ್ತದೆ?

ಇದನ್ನು ತಿಳಿಯಲು ಲವಾಸಿಯೆ ತನ್ನ ಸಹಾಯಕ ಆರ್ಮಾಂ ಸೆಗ್ವಿನ್‌ನನ್ನೇ ಪ್ರಯೋಗಕ್ಕೆ ಒಳಪಡಿಸಿದ. ಸೆಗ್ವಿನ್ ಮುಖಕ್ಕೆ ಮುಖವಾಡ ತೊಟ್ಟು, ಕೊಳವೆಯ ಮೂಲಕ ಉಸಿರಾಡಬೇಕು. ಅವನು ಎಷ್ಟು ಆಕ್ಸಿಜನ್ ಬಳಸಿದನೆಂದು ಲವಾಸಿಯೆ ಅಳೆಯುತ್ತಿದ್ದ. ಲವಾಸಿಯೆಯ ಪತ್ನಿ ಮೇರಿ ಆನ್ ಈ ಪ್ರಯೋಗಗಳ ಚಿತ್ರಗಳನ್ನು ಬರೆದಿದ್ದಾಳೆ. ಅವುಗಳಲ್ಲಿ ಆಕೆ ಮೇಜಿನ ಮುಂದೆ ಕುಳಿತು ಅಂಕಿ ಅಂಶಗಳನ್ನು ದಾಖಲಿಸುತ್ತಿರುವುದನ್ನೂ ಕಾಣಬಹುದು.

1790ರಲ್ಲಿ ಲವಾಸಿಯೆ ಜೋಸೆಫ್ ಬ್ಲ್ಯಾಕ್‌ಗೆ ಬರೆದ ಪತ್ರದಲ್ಲಿ ಈ ಪ್ರಯೋಗಗಳ ಸಾರಾಂಶವಿದೆ. ಅಂದಿನ ಘನ ಅಂಗುಲಗಳ ಲೆಕ್ಕವನ್ನು ಲೀಟರಿಗೆ ಪರಿವರ್ತಿಸಿದರೆ ಸಿಗುವ ಅಂಕಿಗಳು ಸುಮಾರಾಗಿ ಹೀಗಿವೆ. ಉಪವಾಸವಿದ್ದು ಬೆಚ್ಚಗಿನ ಕೋಣೆಯಲ್ಲಿ ಸುಮ್ಮನೆ ಕುಳಿತಿದ್ದಾಗ ಗಂಟೆಗೆ 24 ಲೀಟರ್ ಆಕ್ಸಿಜನ್. ಚಳಿಯಲ್ಲಿ ಕುಳಿತಾಗ 27 ಲೀಟರ್. ಊಟವಾದ ಮೇಲೆ ಸುಮ್ಮನೆ ಕುಳಿತಾಗ 38 ಲೀಟರ್. ಉಪವಾಸವಿದ್ದು ಕಾಲಿನಿಂದ ಭಾರವನ್ನು ಮೇಲೆತ್ತುವ ಕೆಲಸ ಮಾಡುವಾಗ 65 ಲೀಟರ್. ಉಂಡ ಮೇಲೆ ಅದೇ ಕೆಲಸ ಮಾಡುವಾಗ 91 ಲೀಟರ್.

ಕೊನೆಯ ಎರಡು ಅಂಕಿಗಳನ್ನು ಗಮನಿಸಿ. ಇದು ನಮ್ಮ ಪ್ರಶ್ನೆಯೇ! ತಿಂಡಿಗೆ ಮೊದಲು ಕೆಲಸ, ತಿಂಡಿಯ ನಂತರ ಕೆಲಸ. ಎರಡನ್ನೂ ಅಕ್ಕಪಕ್ಕ ಇಟ್ಟು ಲವಾಸಿಯೆ ಅಳೆದಿದ್ದ. ಇಂದಿನ ಅಳತೆಗಳಿಗೆ ಹೋಲಿಸಿದರೆ ಅವನ ಅಂಕಿಗಳು ಹೆಚ್ಚಾಗಿಯೇ ಇವೆ. ಆದರೆ ಮೂಲ ಸಂಗತಿ ಸರಿ. ಆಹಾರವನ್ನು ಪಚನ ಮಾಡುವುದೂ ಒಂದು ಕೆಲಸ, ಅದಕ್ಕೂ ಶಕ್ತಿ ಬೇಕು. ಊಟದಿಂದ ದೊರೆಯುವ ಶಕ್ತಿಯಲ್ಲಿ ಸುಮಾರು ಹತ್ತನೆಯ ಒಂದು ಪಾಲು ಈ ಕೆಲಸಕ್ಕೇ ವೆಚ್ಚವಾಗುತ್ತದೆ ಎಂದು ಇಂದು ತಿಳಿದಿದೆ.

ಲವಾಸಿಯೆಗೆ ಈ ಸಂಶೋಧನೆಯನ್ನು ಬಹಳ ದೂರ ಒಯ್ಯಲು ಕಾಲಾವಕಾಶ ಸಿಗಲಿಲ್ಲ. 1794ರ ಮೇ 8ರಂದು ಅವನು ಗಿಲೊಟಿನ್‌ಗೆ ಬಲಿಯಾದ.

ಇಬ್ಬರು ಪ್ರೊಫೆಸರರು, ಒಂದು ಬೆಟ್ಟ

ದೇಹ ಉರಿಯುತ್ತದೆ ಎಂಬುದೇನೋ ಸರಿ. ಆದರೆ ಉರಿಯುವುದು ಏನು? ಹತ್ತೊಂಬತ್ತನೆಯ ಶತಮಾನದ ಹೆಸರಾಂತ ರಸಾಯನ ವಿಜ್ಞಾನಿ ಯುಸ್ಟಸ್ ಫಾನ್ ಲೀಬಿಗ್ ಇದಕ್ಕೆ ಖಚಿತವಾದ ಉತ್ತರ ಕೊಟ್ಟ. 1842ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಸ್ನಾಯುಗಳು ಕೆಲಸ ಮಾಡುವಾಗ ಸ್ನಾಯುವಿನ ಪ್ರೋಟೀನೇ ಒಡೆದು ಶಕ್ತಿ ಒದಗಿಸುತ್ತದೆ ಎಂದು ವಾದಿಸಿದ. ಶರ್ಕರಪಿಷ್ಟ ಮತ್ತು ಕೊಬ್ಬು ಮೈ ಬೆಚ್ಚಗಿಡಲು ಮಾತ್ರ. ಇದು ನಿಜವಾದರೆ ದುಡಿಯುವವನು ಮಾಂಸವನ್ನೇ ತಿನ್ನಬೇಕು.

ಇದನ್ನು ಪರೀಕ್ಷಿಸಿದವರು ಜೂರಿಕ್ಕಿನ ಇಬ್ಬರು ಪ್ರೊಫೆಸರರು. ಒಬ್ಬ ಅಡಾಲ್ಫ್ ಫಿಕ್. ಭೌತವಿಜ್ಞಾನದ ವಿದ್ಯಾರ್ಥಿಗಳು ವಿಸರಣೆಯ ನಿಯಮದ ಜೊತೆ ಅವನ ಹೆಸರನ್ನು ಓದಿರುತ್ತಾರೆ. ಇನ್ನೊಬ್ಬ ರಸಾಯನ ವಿಜ್ಞಾನಿ ಯೋಹಾನ್ನೆಸ್ ವಿಸ್ಲಿಸೆನಸ್. 1865ರ ಆಗಸ್ಟ್ 30ರಂದು ಇಬ್ಬರೂ ಸ್ವಿಟ್ಜರ್ಲೆಂಡಿನ ಬ್ರಿಯೆಂಜ್ ಸರೋವರದ ದಡದಿಂದ ಹೊರಟು ಫಾಲ್‌ಹಾರ್ನ್ ಬೆಟ್ಟವನ್ನು ಏರಿದರು. ಹಿಂದಿನ ದಿನ ಮಧ್ಯಾಹ್ನದಿಂದಲೇ ಅವರು ಪ್ರೋಟೀನ್ ಇರುವ ಆಹಾರವನ್ನು ಬಿಟ್ಟಿದ್ದರು. ಪಿಷ್ಟದ ಹಿಟ್ಟನ್ನು ಕೊಬ್ಬಿನಲ್ಲಿ ಕರಿದ ರೊಟ್ಟಿಯಂಥ ತಿನಿಸು, ಸಕ್ಕರೆ ಹಾಕಿದ ಚಹಾ ಇತ್ಯಾದಿಗಳೇ ಅವರ ಆಹಾರ. ದಾರಿಯುದ್ದಕ್ಕೂ, ಬೆಟ್ಟ ಏರಿದ ಮೇಲೂ ತಮ್ಮ ಮೂತ್ರವನ್ನು ಸಂಗ್ರಹಿಸಿ ಅದರಲ್ಲಿದ್ದ ನೈಟ್ರೋಜನ್ನನ್ನು ಅಳೆದರು. ಪ್ರೋಟೀನ್ ಒಡೆದಾಗ ಅದರ ನೈಟ್ರೋಜನ್ ಬಹುಪಾಲು ಯೂರಿಯಾ ರೂಪದಲ್ಲಿ ಮೂತ್ರದ ಮೂಲಕ ಹೊರಬೀಳುತ್ತದೆಯಲ್ಲವೇ?

ಮುಂದಿನದು ಪ್ರೌಢಶಾಲೆಯ ಲೆಕ್ಕ. ನೀವೂ ಕಪ್ಪುಹಲಗೆಯ ಮೇಲೆ ಮಾಡಿ ತೋರಿಸಬಹುದು. ಫಿಕ್‌ನ ತೂಕ 66 ಕಿಲೋಗ್ರಾಂ. ಅವರು ಲೆಕ್ಕ ಹಾಕಿದಂತೆ ಏರಿದ ಎತ್ತರ 1956 ಮೀಟರ್. ಗುರುತ್ವ ವೇಗೋತ್ಕರ್ಷ 9.8. ಈ ಮೂರನ್ನೂ ಗುಣಿಸಿದರೆ ಗುರುತ್ವಕ್ಕೆ ವಿರುದ್ಧವಾಗಿ ಮಾಡಿದ ಕೆಲಸ ಸುಮಾರು 12.7 ಲಕ್ಷ ಜೂಲ್. ನೈಟ್ರೋಜನ್ ಲೆಕ್ಕದ ಪ್ರಕಾರ ಫಿಕ್‌ನ ದೇಹದಲ್ಲಿ ಒಡೆದ ಪ್ರೋಟೀನ್ ಸುಮಾರು 37 ಗ್ರಾಂ. ಇಷ್ಟು ಪ್ರೋಟೀನ್ ದೇಹದಲ್ಲಿ ಎಷ್ಟು ಶಕ್ತಿ ಕೊಡುತ್ತದೆ? ಇದನ್ನು ಪ್ರಯೋಗದಿಂದ ಅಳೆದು 1866ರಲ್ಲಿ ಪ್ರಕಟಿಸಿದವನು ಫಿಕ್‌ನ ಭಾವನೂ ಆಗಿದ್ದ ಇಂಗ್ಲೆಂಡಿನ ಎಡ್ವರ್ಡ್ ಫ್ರಾಂಕ್‌ಲ್ಯಾಂಡ್. ಸ್ನಾಯುವನ್ನು ಪೂರ್ತಿ ಉರಿಸಿದಾಗ ಬರುವ ಉಷ್ಣದಿಂದ ಯೂರಿಯಾದಲ್ಲಿ ಉಳಿದುಹೋಗುವ ಪಾಲನ್ನು ಅವನು ಕಳೆದ. ಅವನ ಅಳತೆಯಂತೆ 37 ಗ್ರಾಂ ಪ್ರೋಟೀನಿನಿಂದ ಸಿಗುವುದು ಸುಮಾರು 6.8 ಲಕ್ಷ ಜೂಲ್ ಮಾತ್ರ.

ಜಮೆ 6.8, ಖರ್ಚು 12.7! ಅಷ್ಟೇ ಅಲ್ಲ. ಸ್ನಾಯು ತನಗೆ ದೊರೆತ ಶಕ್ತಿಯಲ್ಲಿ ಸುಮಾರು ನಾಲ್ಕನೆಯ ಒಂದು ಭಾಗವನ್ನು ಮಾತ್ರ ಕೆಲಸವಾಗಿ ಪರಿವರ್ತಿಸಬಲ್ಲುದು. ಉಳಿದುದು ಉಷ್ಣವಾಗಿ ಹೋಗುತ್ತದೆ. ಆದ್ದರಿಂದ ನಿಜವಾದ ಖರ್ಚು ಸುಮಾರು 50 ಲಕ್ಷ ಜೂಲ್. ಅಂದರೆ ಪ್ರೋಟೀನಿನಿಂದ ಬಂದುದು ಏಳನೆಯ ಒಂದು ಪಾಲಿಗೂ ಕಡಿಮೆ. ಉಳಿದ ಶಕ್ತಿ ಬಂದದ್ದು ಶರ್ಕರಪಿಷ್ಟ ಮತ್ತು ಕೊಬ್ಬಿನಿಂದ. ಶಕ್ತಿಯ ಸಂರಕ್ಷಣಾ ನಿಯಮದ ಮುಂದೆ ಲೀಬಿಗ್‌ನ ಹೆಸರಾಗಲಿ ಅಧಿಕಾರವಾಗಲಿ ನಿಲ್ಲಲಿಲ್ಲ.

ಉಸಿರು ಹೇಳುವ ಗುಟ್ಟು

ಈಗ ಪ್ರಶ್ನೆ ಇನ್ನೂ ಸೂಕ್ಷ್ಮವಾಯಿತು. ಶರ್ಕರಪಿಷ್ಟವೇ, ಕೊಬ್ಬೇ? ಯಾವುದು, ಯಾವಾಗ, ಎಷ್ಟು? ಓಡುತ್ತಿರುವ ಮನುಷ್ಯನ ಒಳಗೆ ಇಣುಕಿ ನೋಡಲಾಗುವುದಿಲ್ಲ. ಆದರೆ ಅವನ ಉಸಿರು ಗುಟ್ಟನ್ನು ಹೊರಹಾಕುತ್ತದೆ.

ಗ್ಲೂಕೋಸಿನ ಒಂದು ಅಣು ಪೂರ್ಣವಾಗಿ ಉರಿಯಲು ಆಕ್ಸಿಜನ್ನಿನ 6 ಅಣುಗಳು ಬೇಕು. ಹೊರಬರುವ ಕಾರ್ಬನ್ ಡೈಆಕ್ಸೈಡ್ ಅಣುಗಳೂ 6. ಇವುಗಳ ನಿಷ್ಪತ್ತಿ 1. ಕೊಬ್ಬಿನಲ್ಲಿರುವ ಪಾಮಿಟಿಕ್ ಆಮ್ಲವನ್ನು ತೆಗೆದುಕೊಳ್ಳಿ. ಅದರ ಒಂದು ಅಣುವಿಗೆ ಬೇಕಾಗುವ ಆಕ್ಸಿಜನ್ ಅಣುಗಳು 23, ಹೊರಬರುವ ಕಾರ್ಬನ್ ಡೈಆಕ್ಸೈಡ್ ಅಣುಗಳು 16. ನಿಷ್ಪತ್ತಿ ಸುಮಾರು 0.7. ಈ ನಿಷ್ಪತ್ತಿಗೆ ಶ್ವಸನ ಭಾಗಲಬ್ಧ ಎಂದು ಹೆಸರು. ಉಸಿರಿನ ಎರಡು ಅನಿಲಗಳನ್ನು ಅಳೆದರೆ ಸಾಕು. ಭಾಗಲಬ್ಧ 1ಕ್ಕೆ ಹತ್ತಿರವಿದ್ದರೆ ಶರ್ಕರಪಿಷ್ಟ ಉರಿಯುತ್ತಿದೆ, 0.7ಕ್ಕೆ ಹತ್ತಿರವಿದ್ದರೆ ಕೊಬ್ಬು ಉರಿಯುತ್ತಿದೆ ಎಂದು ತಿಳಿಯಬಹುದು.

ಬರ್ಲಿನ್ನಿನ ನಾಥಾನ್ ಜುಂಟ್ಸ್ ಬೆನ್ನಿಗೆ ಕಟ್ಟಿಕೊಂಡು ನಡೆಯಬಹುದಾದ ಉಪಕರಣವನ್ನು ರೂಪಿಸಿ, ಕವಾಯತು ಮಾಡುವ ಸೈನಿಕರ ಮತ್ತು ಪರ್ವತಾರೋಹಿಗಳ ಉಸಿರನ್ನು ಅಳೆದ. 1920ರಲ್ಲಿ ಡೆನ್ಮಾರ್ಕಿನ ಆಗಸ್ಟ್ ಕ್ರೋಗ್ ಮತ್ತು ಯೋಹಾನ್ನೆಸ್ ಲಿಂಡ್‌ಹಾರ್ಡ್ ಈ ಮಾಪನವನ್ನು ಬಹಳ ನಿಖರವಾಗಿ ಮಾಡಿದರು. ಕೆಲವು ದಿನ ಕೊಬ್ಬು ಹೆಚ್ಚಿರುವ, ಕೆಲವು ದಿನ ಶರ್ಕರಪಿಷ್ಟ ಹೆಚ್ಚಿರುವ ಆಹಾರ ಕೊಟ್ಟು ಸೈಕಲ್ ತುಳಿಸಿದಾಗ, ಅದೇ ಕೆಲಸಕ್ಕೆ ಕೊಬ್ಬಿನ ಆಹಾರದಲ್ಲಿ ಸುಮಾರು ಶೇಕಡಾ 10ರಷ್ಟು ಹೆಚ್ಚು ಶಕ್ತಿ ವೆಚ್ಚವಾಗುತ್ತಿತ್ತು. ಕೊಬ್ಬಿನ ದಿನಗಳಲ್ಲಿ ಕೆಲಸ ಕಷ್ಟವೆನಿಸುತ್ತಿತ್ತು ಎಂದೂ ದಾಖಲಾಯಿತು. 1939ರಲ್ಲಿ ಕ್ರಿಸ್ಟೆನ್ಸನ್ ಮತ್ತು ಹ್ಯಾನ್ಸನ್ ಇನ್ನೂ ಮುಂದುವರಿದು, ಶರ್ಕರಪಿಷ್ಟ ಹೆಚ್ಚಿರುವ ಆಹಾರ ತಿಂದವರು ಕೊಬ್ಬಿನ ಆಹಾರ ತಿಂದವರಿಗಿಂತ ಎರಡರಷ್ಟಕ್ಕೂ ಹೆಚ್ಚು ಹೊತ್ತು ಸೈಕಲ್ ತುಳಿಯಬಲ್ಲರೆಂದು ತೋರಿಸಿದರು.

ಇಲ್ಲಿಂದ ಒಂದು ಮುಖ್ಯ ಸಂಗತಿ ಹೊರಬಿತ್ತು. ನಿಧಾನವಾಗಿ ನಡೆಯುವಾಗ ಶಕ್ತಿಯ ಹೆಚ್ಚಿನ ಪಾಲು ಕೊಬ್ಬಿನಿಂದ ಬರುತ್ತದೆ. ವೇಗ ಹೆಚ್ಚಿದಂತೆ ಶರ್ಕರಪಿಷ್ಟದ ಪಾಲು ಹೆಚ್ಚುತ್ತದೆ. ಕಾರಣವೂ ಸ್ಪಷ್ಟ. ಅದೇ ಒಂದು ಲೀಟರ್ ಆಕ್ಸಿಜನ್ನಿನಿಂದ ಶರ್ಕರಪಿಷ್ಟ ಸುಮಾರು 21 ಕಿಲೋಜೂಲ್ ಶಕ್ತಿ ಕೊಡುತ್ತದೆ, ಕೊಬ್ಬು 20ಕ್ಕಿಂತ ಸ್ವಲ್ಪ ಕಡಿಮೆ. ಜೊತೆಗೆ ಶರ್ಕರಪಿಷ್ಟವನ್ನು ಬೇಗ ಬೇಗ ಒಡೆಯಬಹುದು. ಕೊಬ್ಬು ಕರಗಿ, ರಕ್ತದಲ್ಲಿ ಸಾಗಿ, ಸ್ನಾಯುವಿನ ಒಳಹೊಕ್ಕು ಉರಿಯಲು ಹೊತ್ತು ಹಿಡಿಯುತ್ತದೆ.

ಬಾಸ್ಟನ್ನಿನ ಮಿಠಾಯಿ

ಪ್ರಯೋಗಾಲಯದಿಂದ ಈಗ ರಸ್ತೆಗೆ ಬರೋಣ. ಅಮೆರಿಕದ ಬಾಸ್ಟನ್ ನಗರದ ವೈದ್ಯರು ಅಲ್ಲಿನ ಪ್ರಸಿದ್ಧ ಮ್ಯಾರಥಾನ್ ಮುಗಿಸಿ ಬಂದ ಓಟಗಾರರ ರಕ್ತವನ್ನು ಪರೀಕ್ಷಿಸಿ 1924ರಲ್ಲಿ ವರದಿ ಪ್ರಕಟಿಸಿದರು. ಹಲವರ ರಕ್ತದಲ್ಲಿ ಸಕ್ಕರೆಯ ಮಟ್ಟ ತೀರ ಕುಸಿದಿತ್ತು. ಬಿಳಿಚಿಕೊಂಡು, ನಡುಗುತ್ತ, ಗೊಂದಲದಲ್ಲಿದ್ದ ಅವರ ಸ್ಥಿತಿ, ಇನ್ಸುಲಿನ್ ಪ್ರಮಾಣ ಹೆಚ್ಚಾದ ಮಧುಮೇಹಿಗಳ ಸ್ಥಿತಿಯನ್ನು ಹೋಲುತ್ತಿತ್ತು. ಇನ್ಸುಲಿನ್ ಚಿಕಿತ್ಸೆ ಆರಂಭವಾಗಿ ಆಗಿನ್ನೂ ಎರಡೇ ವರ್ಷವಾಗಿತ್ತು ಎಂಬುದನ್ನು ನೆನಪಿಡಿ.

ಮುಂದಿನ ವರ್ಷದ ವರದಿ ಇನ್ನೂ ಸ್ವಾರಸ್ಯಕರ. ಕೆಲವು ಓಟಗಾರರಿಗೆ ಓಟದ ಹಿಂದಿನ ದಿನ ಶರ್ಕರಪಿಷ್ಟ ಹೆಚ್ಚಿರುವ ಊಟ, ಓಡುವಾಗ ದಾರಿಯಲ್ಲಿ ಮಿಠಾಯಿ ಕೊಡಲಾಯಿತು. ಅವರ ರಕ್ತದ ಸಕ್ಕರೆ ಕುಸಿಯಲಿಲ್ಲ. ಓಟ ಮುಗಿಸಿದಾಗ ಅವರ ಸ್ಥಿತಿಯೂ ಚೆನ್ನಾಗಿತ್ತು. ಮೈದಾನದಲ್ಲಿ ತಲೆಸುತ್ತಿ ಕುಳಿತ ಹುಡುಗಿಯ ಬಗ್ಗೆ ಯೋಚಿಸುವಾಗ ಈ ಮಿಠಾಯಿಯ ಕಥೆ ನಮ್ಮ ನೆನಪಿನಲ್ಲಿರಬೇಕು.

ಒಂಟಿ ಕಾಲಿನ ಪ್ರಯೋಗ

ಸ್ನಾಯುವಿನ ಒಳಗೇ ಇರುವ ಇಂಧನವನ್ನು ನೇರವಾಗಿ ಅಳೆಯಲು 1960ರ ದಶಕದವರೆಗೆ ಕಾಯಬೇಕಾಯಿತು. ಸ್ವೀಡನ್ನಿನ ಯೋನಾಸ್ ಬರ್ಗ್‌ಸ್ಟ್ರಾಮ್ ವಿಶೇಷ ಸೂಜಿಯೊಂದನ್ನು ಬಳಸಿ ತೊಡೆಯ ಸ್ನಾಯುವಿನಿಂದ ಚೂರು ಮಾದರಿಯನ್ನು ತೆಗೆಯುವ ವಿಧಾನವನ್ನು ರೂಢಿಗೆ ತಂದ. ಅದರಲ್ಲಿ ಎಷ್ಟು ಗ್ಲೈಕೋಜೆನ್ ಇದೆ ಎಂದು ಅಳೆಯುವುದು ಸಾಧ್ಯವಾಯಿತು. ಗ್ಲೈಕೋಜೆನ್ ಎಂದರೆ ಗ್ಲೂಕೋಸ್ ಅಣುಗಳು ಸರಪಳಿಯಾಗಿ ಹೆಣೆದುಕೊಂಡ ದಾಸ್ತಾನು. ಫ್ರಾನ್ಸಿನ ಕ್ಲಾಡ್ ಬರ್ನಾರ್ಡ್ 1857ರಲ್ಲಿ ಇದನ್ನು ಯಕೃತ್ತಿನಿಂದ ಬೇರ್ಪಡಿಸಿದ್ದ.

ಬರ್ಗ್‌ಸ್ಟ್ರಾಮ್ ಮತ್ತು ಎರಿಕ್ ಹಲ್ಟ್‌ಮನ್ 1966ರಲ್ಲಿ ಪ್ರಕಟಿಸಿದ ಪ್ರಯೋಗದ ಸರಳತೆ ಮೆಚ್ಚತಕ್ಕದ್ದು. ಇಬ್ಬರೂ ಒಂದೇ ವ್ಯಾಯಾಮದ ಸೈಕಲ್ಲಿನ ಎರಡು ಪಕ್ಕ ಕುಳಿತು, ಒಬ್ಬೊಬ್ಬರೂ ಒಂದೊಂದೇ ಕಾಲಿನಿಂದ ಸುಸ್ತಾಗುವವರೆಗೆ ತುಳಿದರು. ಇನ್ನೊಂದು ಕಾಲಿಗೆ ವಿಶ್ರಾಂತಿ. ಬಳಿಕ ಮೂರು ದಿನ ಶರ್ಕರಪಿಷ್ಟದ ಊಟ. ದುಡಿದ ಕಾಲಿನಲ್ಲಿ ಬರಿದಾಗಿದ್ದ ಗ್ಲೈಕೋಜೆನ್ ಮತ್ತೆ ತುಂಬಿಕೊಂಡುದು ಮಾತ್ರವಲ್ಲ, ವಿಶ್ರಾಂತಿ ಪಡೆದ ಕಾಲಿನಲ್ಲಿ ಇದ್ದುದಕ್ಕಿಂತ ಸುಮಾರು ಇಮ್ಮಡಿಯಾಯಿತು. ರಕ್ತ ಒಂದೇ, ಊಟ ಒಂದೇ, ಹಾರ್ಮೋನುಗಳೂ ಒಂದೇ. ಕಾಲು ಮಾತ್ರ ಬೇರೆ! ಹೋಲಿಕೆಗೆ ಇದಕ್ಕಿಂತ ಒಳ್ಳೆಯ ವ್ಯವಸ್ಥೆ ಸಿಗುವುದು ಕಷ್ಟ.

1967ರಲ್ಲಿ ಅವರು ಹಾಗೂ ಸಂಗಡಿಗರು ಇನ್ನೊಂದು ಫಲಿತಾಂಶ ಕೊಟ್ಟರು. ನಿಗದಿತ ತೀವ್ರತೆಯಲ್ಲಿ ಸೈಕಲ್ ತುಳಿದವರು, ಹಿಂದಿನ ಮೂರು ದಿನ ಕೊಬ್ಬು ಮತ್ತು ಪ್ರೋಟೀನಿನ ಆಹಾರ ತಿಂದಿದ್ದರೆ ಸರಾಸರಿ 57 ನಿಮಿಷ, ಮಿಶ್ರ ಆಹಾರ ತಿಂದಿದ್ದರೆ 114 ನಿಮಿಷ, ಶರ್ಕರಪಿಷ್ಟ ಹೆಚ್ಚಾಗಿ ತಿಂದಿದ್ದರೆ 167 ನಿಮಿಷ ತಡೆದುಕೊಂಡರು. ದೀರ್ಘ ಓಟದ ಸಾಮರ್ಥ್ಯ ಅಂದಿನ ಬೆಳಗಿನ ತಿಂಡಿಗಿಂತ ಹೆಚ್ಚಾಗಿ ಹಿಂದಿನ ದಿನಗಳ ಊಟವನ್ನು ಅವಲಂಬಿಸಿದೆ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ದಾಸ್ತಾನಿನ ಲೆಕ್ಕ

ಈಗ ಈ ಎಲ್ಲ ಫಲಿತಾಂಶಗಳನ್ನೂ ಕೂಡಿಸಿ ಒಂದು ಅಂದಾಜು ಮಾಡೋಣ. ಆರೋಗ್ಯವಂತ ವಯಸ್ಕರೊಬ್ಬರ ಸ್ನಾಯುಗಳಲ್ಲಿ ಸುಮಾರು 400 ಗ್ರಾಂ, ಯಕೃತ್ತಿನಲ್ಲಿ ಸುಮಾರು 100 ಗ್ರಾಂ ಗ್ಲೈಕೋಜೆನ್ ಇರುತ್ತದೆ. ಒಂದು ಗ್ರಾಂ ಶರ್ಕರಪಿಷ್ಟಕ್ಕೆ ಸುಮಾರು 17 ಕಿಲೋಜೂಲ್. ಕೊಬ್ಬಿನ ದಾಸ್ತಾನು ಇದರ ಹಲವು ಪಟ್ಟು. 60 ಕಿಲೋಗ್ರಾಂ ತೂಕದ ವ್ಯಕ್ತಿಯಲ್ಲಿ 9 ಕಿಲೋಗ್ರಾಂ ಕೊಬ್ಬಿದ್ದರೆ, ಗ್ರಾಂಗೆ 37 ಕಿಲೋಜೂಲಿನಂತೆ ಅದು ಮೂರು ಲಕ್ಷ ಕಿಲೋಜೂಲ್ ದಾಟುತ್ತದೆ.

ಓಟದ ಖರ್ಚು ಎಷ್ಟು? ಪ್ರತಿ ಕಿಲೋಗ್ರಾಂ ತೂಕಕ್ಕೆ, ಪ್ರತಿ ಕಿಲೋಮೀಟರಿಗೆ ಸುಮಾರು 4.2 ಕಿಲೋಜೂಲ್. ಅಂದರೆ 60 ಕಿಲೋಗ್ರಾಂ ತೂಕದವರು 5 ಕಿಲೋಮೀಟರ್ ಓಡಲು ಬೇಕಾಗುವುದು 1260 ಕಿಲೋಜೂಲ್. ಇದೆಲ್ಲವೂ ಶರ್ಕರಪಿಷ್ಟದಿಂದಲೇ ಬರಬೇಕೆಂದರೂ 75 ಗ್ರಾಂ ಸಾಕು. ದಾಸ್ತಾನು ಧಾರಾಳವಾಗಿದೆ. ಆದರೆ 42.195 ಕಿಲೋಮೀಟರಿನ ಮ್ಯಾರಥಾನಿಗೆ ಇದೇ ಲೆಕ್ಕದಲ್ಲಿ 620 ಗ್ರಾಂಗೂ ಹೆಚ್ಚು ಬೇಕು, ದಾಸ್ತಾನು ಸಾಲದು. ಕೊಬ್ಬು ಕೈಜೋಡಿಸಲೇಬೇಕು, ದಾರಿಯಲ್ಲಿ ಏನನ್ನಾದರೂ ತಿನ್ನಲೇಬೇಕು.

ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ರಾತ್ರಿ ನೀವು ಮಲಗಿದ್ದಾಗಲೂ ಮಿದುಳಿಗೆ ಗ್ಲೂಕೋಸ್ ಬೇಕು, ಗಂಟೆಗೆ ಸುಮಾರು 5 ಗ್ರಾಂನಂತೆ. ಅದನ್ನು ಒದಗಿಸುವ ಹೊಣೆ ಯಕೃತ್ತಿನದು. ಹೀಗಾಗಿ ಬೆಳಗಾಗುವಷ್ಟರಲ್ಲಿ ಯಕೃತ್ತಿನ ದಾಸ್ತಾನು ಗಣನೀಯವಾಗಿ ಇಳಿದಿರುತ್ತದೆ. ಸ್ನಾಯುವಿನ ದಾಸ್ತಾನು ಮಾತ್ರ ಹೆಚ್ಚುಕಡಿಮೆ ಹಾಗೆಯೇ ಉಳಿದಿರುತ್ತದೆ. ಆದರೆ ಸ್ನಾಯು ತನ್ನ ಗ್ಲೈಕೋಜೆನ್ನಿನಿಂದ ರಕ್ತಕ್ಕೆ ಗ್ಲೂಕೋಸ್ ಕೊಡಲಾರದು. ಅದಕ್ಕೆ ಬೇಕಾದ ಕಿಣ್ವ ಅದರಲ್ಲಿಲ್ಲ. ಅದರ ಕಣಜ ಅದಕ್ಕೇ ಮೀಸಲು. ಆದ್ದರಿಂದ ಖಾಲಿ ಹೊಟ್ಟೆಯಲ್ಲಿ ಬಹಳ ಹೊತ್ತು ಓಡುವವರಿಗೆ ಕಾಲಿನಲ್ಲಿ ಇಂಧನ ಉಳಿದಿರುವಾಗಲೇ ರಕ್ತದ ಸಕ್ಕರೆ ಇಳಿದು ತಲೆ ಸುತ್ತಬಹುದು. ಬೆಳಗಿನ ತಿಂಡಿ ತುಂಬುವುದು ಮುಖ್ಯವಾಗಿ ಯಕೃತ್ತಿನ ಈ ಕೊರತೆಯನ್ನು.

ಕರಗುವ ಕೊಬ್ಬಿನ ಪ್ರಶ್ನೆ

ಹಾಗಿದ್ದರೆ ಓಟಕ್ಕೆ ಸ್ವಲ್ಪ ಮೊದಲು ಸಕ್ಕರೆ ತಿಂದುಬಿಟ್ಟರೆ ಆಯಿತಲ್ಲ? 1979ರಲ್ಲಿ ಅಮೆರಿಕದ ಫಾಸ್ಟರ್, ಕಾಸ್ಟಿಲ್ ಮತ್ತು ಫಿಂಕ್ ಇದಕ್ಕೆ ಎಚ್ಚರಿಕೆ ಕೊಟ್ಟರು. ವ್ಯಾಯಾಮಕ್ಕೆ ಅರ್ಧ ಗಂಟೆಯಷ್ಟು ಮೊದಲು 75 ಗ್ರಾಂ ಗ್ಲೂಕೋಸ್ ಕುಡಿದವರ ಸಹನಶಕ್ತಿ ಶೇಕಡಾ 19ರಷ್ಟು ಇಳಿಯಿತು. ಸಕ್ಕರೆ ಕುಡಿದೊಡನೆ ಇನ್ಸುಲಿನ್ ಏರುತ್ತದೆ. ಅದು ಕೊಬ್ಬು ಕರಗುವುದನ್ನು ತಡೆಯುತ್ತದೆ, ರಕ್ತದ ಸಕ್ಕರೆಯನ್ನೂ ಇಳಿಸುತ್ತದೆ. ಬಹಳ ವರ್ಷ ಇದೇ ಕೊನೆಯ ಮಾತೆನ್ನಿಸಿತ್ತು. ಆದರೆ ನಂತರದ ಹೆಚ್ಚಿನ ಪ್ರಯೋಗಗಳಲ್ಲಿ ಇಂಥ ಹಾನಿ ಕಂಡುಬರಲಿಲ್ಲ. ಸಕ್ಕರೆಯ ಇಳಿತ ಸಾಮಾನ್ಯವಾಗಿ ಕ್ಷಣಿಕ. ಕೆಲವರಿಗೆ ಮಾತ್ರ ಅದು ತೊಂದರೆ ಕೊಡುತ್ತದೆ.

ಇನ್ನು ಕೊಬ್ಬು ಕರಗಿಸುವವರ ವಾದ. ಖಾಲಿ ಹೊಟ್ಟೆಯಲ್ಲಿ ಓಡುವಾಗ ಕೊಬ್ಬು ಹೆಚ್ಚು ಉರಿಯುತ್ತದೆ ಎಂಬುದು ನಿಜ. ಶ್ವಸನ ಭಾಗಲಬ್ಧವೇ ಅದಕ್ಕೆ ಸಾಕ್ಷಿ. ಆದರೆ ಆ ಒಂದು ಗಂಟೆಯಲ್ಲಿ ಕೊಬ್ಬು ಉರಿಯುವುದು ಬೇರೆ, ಮೈಯಿಂದ ಕೊಬ್ಬು ಕಡಿಮೆಯಾಗುವುದು ಬೇರೆ. ಬೆಳಿಗ್ಗೆ ಕೊಬ್ಬು ಹೆಚ್ಚು ಉರಿಸಿದವರು ಹಗಲಿನ ಉಳಿದ ಹೊತ್ತಿನಲ್ಲಿ ಅದನ್ನು ಕಡಿಮೆ ಉರಿಸಬಹುದು. ಉಳಿತಾಯ ಖಾತೆಯಿಂದ ಹಣ ತೆಗೆದು ಸಂಜೆ ಮತ್ತೆ ಅದಕ್ಕೇ ತುಂಬಿದರೆ ವರ್ಷದ ಕೊನೆಗೆ ಏನು ಬದಲಾಗುತ್ತದೆ? 2014ರಲ್ಲಿ ಅಮೆರಿಕದಲ್ಲಿ 20 ಯುವತಿಯರನ್ನು ಎರಡು ಗುಂಪು ಮಾಡಿ ನಾಲ್ಕು ವಾರ ನಡೆಸಿದ ಅಧ್ಯಯನದಲ್ಲಿ, ಉಪವಾಸವಿದ್ದು ವ್ಯಾಯಾಮ ಮಾಡಿದವರಿಗೂ ತಿಂದು ಮಾಡಿದವರಿಗೂ ತೂಕದಲ್ಲಾಗಲಿ ಕೊಬ್ಬಿನಲ್ಲಾಗಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ.

ಹಾಗೆಂದು ಉಪವಾಸದ ವ್ಯಾಯಾಮ ವ್ಯರ್ಥವೆಂದು ತೀರ್ಮಾನಿಸಬೇಡಿ. 2019ರಲ್ಲಿ ಇಂಗ್ಲೆಂಡಿನ ಬಾತ್ ಮತ್ತು ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾನಿಲಯಗಳವರು ಹೆಚ್ಚು ತೂಕವಿದ್ದ 30 ಪುರುಷರನ್ನು ಆರು ವಾರ ಅಧ್ಯಯನ ಮಾಡಿದರು. ತಿಂಡಿಗೆ ಮೊದಲು ಸೈಕಲ್ ತುಳಿದವರು ವ್ಯಾಯಾಮದ ವೇಳೆ ಸುಮಾರು ಇಮ್ಮಡಿ ಕೊಬ್ಬನ್ನು ಉರಿಸಿದರು. ತೂಕದ ಇಳಿಕೆಯಲ್ಲಿ ಎರಡು ಗುಂಪುಗಳಿಗೆ ವ್ಯತ್ಯಾಸವಿರಲಿಲ್ಲ. ಆದರೆ ಇನ್ಸುಲಿನ್ನಿಗೆ ದೇಹ ಸ್ಪಂದಿಸುವ ಬಗೆ ತಿಂಡಿಗೆ ಮೊದಲು ತುಳಿದವರಲ್ಲಿ ಹೆಚ್ಚು ಸುಧಾರಿಸಿತ್ತು. ಚಿಕ್ಕ ಅಧ್ಯಯನ, ಪುರುಷರನ್ನು ಮಾತ್ರ ಒಳಗೊಂಡಿತ್ತು. ಆದರೂ ಮಧುಮೇಹ ವ್ಯಾಪಕವಾಗಿರುವ ನಮ್ಮಂಥ ದೇಶಕ್ಕೆ ಇದು ಗಮನಿಸಬೇಕಾದ ವಿಷಯ.

ಹಾಗಾದರೆ ಉತ್ತರ?

ಇಷ್ಟು ಹೊತ್ತಿಗೆ ನಿಮಗೆ ಹೊಳೆದಿರಬಹುದು: ನಮ್ಮ ಒಂದು ಪ್ರಶ್ನೆಯ ಒಳಗೆ ಮೂರು ಪ್ರಶ್ನೆಗಳು ಸೇರಿಕೊಂಡಿವೆ. ಎಷ್ಟು ದೂರ, ಎಷ್ಟು ವೇಗವಾಗಿ ಓಡಬಲ್ಲೆ? ಓಡುವ ಆ ಗಂಟೆಯಲ್ಲಿ ಯಾವ ಇಂಧನ ಉರಿಯುತ್ತದೆ? ವಾರಗಳು ಕಳೆದ ಮೇಲೆ ದೇಹದಲ್ಲಿ ಏನು ಬದಲಾಗುತ್ತದೆ? ಮೊದಲನೆಯದನ್ನು ಗಡಿಯಾರ ಮತ್ತು ಸೂಜಿ ಉತ್ತರಿಸಿದವು, ಎರಡನೆಯದನ್ನು ಉಸಿರಿನ ಅನಿಲಗಳು, ಮೂರನೆಯದನ್ನು ಇತ್ತೀಚಿನ ಗುಂಪು ಅಧ್ಯಯನಗಳು. ಒಂದಕ್ಕೆ ಸಿಕ್ಕ ಉತ್ತರವನ್ನು ಇನ್ನೊಂದಕ್ಕೆ ಅಂಟಿಸಿದಾಗಲೇ ಜಗಳ ಶುರು.

ಆರೋಗ್ಯವಂತ ವಯಸ್ಕರು ಒಂದು ಗಂಟೆಯೊಳಗೆ, ಮಾತಾಡಿಕೊಂಡು ಓಡಬಹುದಾದ ವೇಗದಲ್ಲಿ ಓಡುವುದಾದರೆ ತಿಂಡಿ ಮೊದಲೋ ನಂತರವೋ ಎಂಬುದು ಅವರ ಅನುಕೂಲಕ್ಕೆ ಬಿಟ್ಟದ್ದು. ಹಲವು ಅಧ್ಯಯನಗಳನ್ನು ಕ್ರೋಡೀಕರಿಸಿ 2018ರಲ್ಲಿ ಪ್ರಕಟವಾದ ವಿಶ್ಲೇಷಣೆಯೂ ಇದನ್ನೇ ಹೇಳುತ್ತದೆ: ಮೊದಲೇ ತಿಂದುದರ ಲಾಭ ಕಾಣುವುದು ಒಂದು ಗಂಟೆಗೂ ಮೀರಿದ ವ್ಯಾಯಾಮದಲ್ಲಿ. ಅಂಥ ಓಟಕ್ಕೆ ಒಂದರಿಂದ ನಾಲ್ಕು ಗಂಟೆ ಮೊದಲು, ಪ್ರತಿ ಕಿಲೋಗ್ರಾಂ ತೂಕಕ್ಕೆ ಒಂದರಿಂದ ನಾಲ್ಕು ಗ್ರಾಂ ಶರ್ಕರಪಿಷ್ಟ ಎಂಬುದು ಕ್ರೀಡಾ ಪೋಷಣಾ ತಜ್ಞರ ಸಲಹೆ. ಸಮಯ ಕಡಿಮೆಯಿದ್ದಷ್ಟೂ ಪ್ರಮಾಣ ಕಡಿಮೆಯಿರಲಿ. ಮಧ್ಯಮ ಗಾತ್ರದ ಒಂದು ಪಚ್ಚಬಾಳೆ ಹಣ್ಣಿನಲ್ಲಿ ಸುಮಾರು 25 ಗ್ರಾಂ ಶರ್ಕರಪಿಷ್ಟವಿರುತ್ತದೆ. ಎಣ್ಣೆ ತುಪ್ಪದ ಭರ್ಜರಿ ತಿಂಡಿ ತಿಂದ ಕೂಡಲೇ ಓಡಬೇಡಿ. ಓಡುವಾಗ ರಕ್ತ ಜಠರದಿಂದ ಸ್ನಾಯುಗಳ ಕಡೆ ತಿರುಗುವುದರಿಂದ ಹೊಟ್ಟೆ ನೋವು, ವಾಕರಿಕೆ ಬರಬಹುದು. ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಖಾಲಿ ಹೊಟ್ಟೆಯಲ್ಲಿ ವ್ಯಾಯಾಮಕ್ಕೆ ಇಳಿಯಬಾರದು.

ತರಗತಿಯಲ್ಲಿ ಒಂದು ಸರಳ ಪ್ರಯೋಗ ಮಾಡಿಸಿ. ವಿದ್ಯಾರ್ಥಿಗಳು ಎದ್ದ ಮೇಲೆ ಸುಮ್ಮನೆ ಕುಳಿತು ನಾಡಿಬಡಿತವನ್ನು ಒಂದು ನಿಮಿಷ ಎಣಿಸಲಿ. ತಿಂಡಿಯಾಗಿ ಅರ್ಧ ಗಂಟೆಯ ಮೇಲೆ ಮತ್ತೆ ಹಾಗೆಯೇ ಕುಳಿತು ಎಣಿಸಲಿ. ಒಂದು ವಾರದ ಸರಾಸರಿ ತೆಗೆಯಲಿ. ಲವಾಸಿಯೆ ಕಂಡ 24 ಮತ್ತು 38ರ ನೆರಳು ಅವರ ನೋಟ್‌ಬುಕ್ಕಿನಲ್ಲಿಯೂ ಕಂಡೀತು.

ಮಕ್ಕಳ ವಿಷಯದಲ್ಲಿ ಮಾತ್ರ ಅನುಕೂಲದ ಮಾತು ಬೇಡ. ಮೇಲೆ ಹೇಳಿದ ಅಧ್ಯಯನಗಳು ವಯಸ್ಕರವು. ಬೆಳೆಯುವ ಮಕ್ಕಳ ಗ್ಲೈಕೋಜೆನ್ ಕಣಜ ಚಿಕ್ಕದು, ದೇಹದ ಗಾತ್ರಕ್ಕೆ ಹೋಲಿಸಿದರೆ ಮಿದುಳಿನ ಬೇಡಿಕೆ ದೊಡ್ಡದು. ರಾತ್ರಿಯೂ ಅರೆಹೊಟ್ಟೆ ಉಂಡು, ಎರಡು ಕಿಲೋಮೀಟರ್ ನಡೆದು ಶಾಲೆಗೆ ಬಂದ ಮಗುವಿಗೆ ಮೈದಾನದ ಸುತ್ತು ಹಾಕಿಸುವ ಮುನ್ನ ಏನಾದರೂ ತಿಂದೆಯಾ ಎಂದು ಕೇಳುವುದು ವಿಜ್ಞಾನವೇ ಹೇಳುವ ಮಾತು. ಕರ್ನಾಟಕದ ಶಾಲೆಗಳಲ್ಲಿ 2013ರಲ್ಲಿ ಕ್ಷೀರಭಾಗ್ಯ ಯೋಜನೆಯಡಿ ಮಕ್ಕಳಿಗೆ ಹಾಲು ಕೊಡುವುದು ಆರಂಭವಾಯಿತು. 2024ರಲ್ಲಿ ರಾಗಿ ಮಾಲ್ಟ್ ಅದಕ್ಕೆ ಸೇರಿತು. ತಾಲೀಮನ್ನು ಇದಾದ ಮೇಲೆ, ಮುಕ್ಕಾಲು ಗಂಟೆ ಬಿಟ್ಟು ಇಟ್ಟುಕೊಳ್ಳುವುದಕ್ಕೆ ಯಾವ ಖರ್ಚೂ ಇಲ್ಲ. ವೇಳಾಪಟ್ಟಿಯಲ್ಲಿ ಒಂದು ಗೆರೆ ಬದಲಾದರೆ ಸಾಕು.

ಉಸಿರಾಟವನ್ನು ಕುರಿತ 1789ರ ಪ್ರಬಂಧದಲ್ಲಿ ಲವಾಸಿಯೆ ತನ್ನ ಅಳತೆಗಳ ನಡುವೆ ಒಂದು ಪ್ರಶ್ನೆಯನ್ನೂ ಎತ್ತಿದ್ದ. ಮೈಮುರಿದು ದುಡಿಯುವ ಬಡವನ ದೇಹ ಹೆಚ್ಚು ಉರಿಯುತ್ತದೆ, ಅವನಿಗೆ ಹೆಚ್ಚು ಆಹಾರ ಬೇಕು. ಆದರೆ ಸಮೃದ್ಧಿಯಿರುವುದು ಅಷ್ಟು ಬೇಕಿಲ್ಲದ, ದುಡಿಯದ ಸಿರಿವಂತನ ಮನೆಯಲ್ಲಿ. ಇದು ಏಕೆ ಹೀಗೆ? ಮುಖವಾಡ ತೊಟ್ಟ ಸೆಗ್ವಿನ್‌ನ ಉಸಿರನ್ನು ಅಳೆಯುತ್ತಲೇ ಲವಾಸಿಯೆ ಇದನ್ನು ಕೇಳಿದ್ದ. ಉಪಾಹಾರ ಮೊದಲೋ ಓಟ ಮೊದಲೋ ಎಂದು ಆಯ್ಕೆ ಮಾಡುವ ಅವಕಾಶ ಎಲ್ಲ ಮಕ್ಕಳಿಗೂ ಇದೆಯೇ ಎಂದು ನಮ್ಮ ನಮ್ಮ ಶಾಲೆಗಳಲ್ಲಿ ವಿಚಾರಿಸಿದರೆ, ಆ ಪ್ರಶ್ನೆಗೆ ನಾವೂ ಒಂದಿಷ್ಟು ಉತ್ತರ ಕೊಟ್ಟಂತಾಗುತ್ತದೆ.